ಬೆನ್ನು ನೆಟ್ಟಗಿದ್ದರೆ ಬಾಯಿ ಬಂದೀತು

ಹಳೆಯ ಕ್ಷೌರದ ಕತ್ತಿಯೊಂದು ಕೈಗೆ ಸಿಕ್ಕರೆ ಹೆಚ್ಚಿನವರು ಮಾಡುವುದು ಒಂದೇ. ಹಿಡಿಯಿಂದ ಅಲಗು ಬಿಚ್ಚುತ್ತಾರೆ, ಬಾಯಿಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ, ‘ಅಯ್ಯೋ, ಮೊಂಡಾಗಿದೆ’ ಎಂದು ಮಡಚಿ ಇಟ್ಟುಬಿಡುತ್ತಾರೆ. ಮೊಂಡಾಗಿರುವುದು ದೊಡ್ಡ ದೋಷವೇನಲ್ಲ. ನೂರು ವರ್ಷ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಕತ್ತಿಗೂ ಒಳ್ಳೆಯ ಕಲ್ಲಿನ ಮೇಲೆ ಒಂದು ಸಂಜೆ ಕೂತರೆ ಬಾಯಿ ಬರುತ್ತದೆ. ಬೆನ್ನು ಕೆಟ್ಟ ಕತ್ತಿಗೆ ಮಾತ್ರ ಯಾವ ಕಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಅಡುಗೆಮನೆಯ ಚಾಕುವನ್ನು ಮಸೆಯುವಾಗ ಎಷ್ಟು ಓರೆ ಹಿಡಿಯಬೇಕೆಂದು ಕೈಯೇ ಅಂದಾಜು ಮಾಡುತ್ತದೆ. ಕ್ಷೌರದ ಕತ್ತಿಯಲ್ಲಿ ಕೈಗೆ ಆ ಸ್ವಾತಂತ್ರ್ಯವಿಲ್ಲ. ಕತ್ತಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಬೇಕು. ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಬೆನ್ನಿನ ದಪ್ಪ ಎಷ್ಟೋ ಅದರ ಮೇಲೆ ಬಾಯಿಯ ಓರೆ ನಿಲ್ಲುತ್ತದೆ. ಕತ್ತಿ ಮಾಡಿದವನು ಆ ಲೆಕ್ಕವನ್ನು ಉಕ್ಕಿನಲ್ಲೇ ಕೂಡಿಸಿಟ್ಟಿರುತ್ತಾನೆ. ಅಲಗಿನ ಅಗಲ 19 ಮಿಲಿಮೀಟರ್, ಬೆನ್ನಿನ ದಪ್ಪ 5 ಮಿಲಿಮೀಟರ್ ಇದ್ದರೆ ಎರಡೂ ಮಗ್ಗುಲು ಸೇರಿ ಸುಮಾರು 15 ಡಿಗ್ರಿ ಕೋನ ಸಿಗುತ್ತದೆ. ಗಡ್ಡಕ್ಕೆ ಅದು ಹದವಾದ ಕೋನ. ಅದೇ ಬೆನ್ನು ಸವೆದು 4 ಮಿಲಿಮೀಟರಿಗೆ ಇಳಿದರೆ ಕೋನ 12ರ ಆಸುಪಾಸಿಗೆ ಬರುತ್ತದೆ. ಬಾಯಿ ತೀರ ತೆಳುವಾಗಿ ಗಡ್ಡದ ಪೆಟ್ಟಿಗೆ ಉದುರುತ್ತದೆ. ಇನ್ನೊಂದು ಕಡೆ, ಮಸೆದು ಮಸೆದು ಅಗಲವೇ 14 ಮಿಲಿಮೀಟರಿಗೆ ಬಂದು ಬೆನ್ನು ಹಾಗೇ ಉಳಿದಿದ್ದರೆ ಕೋನ 20 ಡಿಗ್ರಿ ದಾಟುತ್ತದೆ. ಆಗ ಕತ್ತಿ ಕೂದಲನ್ನು ಕತ್ತರಿಸುವ ಬದಲು ಎಳೆಯುತ್ತದೆ. ಹಾಗಾಗಿ ಹಳೆಯ ಕತ್ತಿ ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡರೆ ಒಳ್ಳೆಯದು. ಅಗಲವನ್ನು ದಪ್ಪದಿಂದ ಭಾಗಿಸಿ. ಮೂರೂವರೆಯಿಂದ ನಾಲ್ಕರ ನಡುವೆ ಬಂದರೆ ಮುಂದಿನ ಮಾತು.

ಬೆನ್ನು ಎಷ್ಟು ಸವೆದಿದೆ ಎಂಬುದು ಕಣ್ಣಿಗೂ ಕಾಣುತ್ತದೆ. ಬೆನ್ನಿನ ಎರಡೂ ಅಂಚಿನಲ್ಲಿ ಕಲ್ಲಿಗೆ ತಾಗಿದ ಜಾಗ ಹೊಳೆಯುವ ಪಟ್ಟಿಯಾಗಿರುತ್ತದೆ. ಕೂದಲೆಳೆಯಷ್ಟು ಸಣ್ಣ ಪಟ್ಟಿ ಇದ್ದರೆ ಕತ್ತಿ ಹೆಚ್ಚು ದುಡಿದಿಲ್ಲ, ಇಲ್ಲವೇ ತಿಳಿದವರ ಕೈಯಲ್ಲಿ ದುಡಿದಿದೆ. ಬುಡದಲ್ಲಿ ಅಗಲ, ಮೂತಿಯಲ್ಲಿ ಸಣ್ಣ, ಒಂದು ಮಗ್ಗುಲಲ್ಲಿ ದಪ್ಪ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎಂಬಂತಿದ್ದರೆ ಯಾರೋ ಅವಸರದವರು ಒತ್ತಿ ಮಸೆದಿದ್ದಾರೆ. ತಿಪಟೂರಿನ ಕಡೆಯ ಹಿರಿಯ ಕ್ಷೌರಿಕರೊಬ್ಬರು ನನ್ನ ಕತ್ತಿಯೊಂದನ್ನು ನೋಡಿದ ರೀತಿ ಇನ್ನೂ ಕಣ್ಣಲ್ಲಿದೆ. ಬಾಯಿಯನ್ನು ಅವರು ಮುಟ್ಟಲೂ ಇಲ್ಲ. ಅಂಗಡಿಯ ಸಣ್ಣ ಕನ್ನಡಿಯನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಅಂಗಾತ ಇಟ್ಟು, ಅದರ ಮೇಲೆ ಕತ್ತಿ ಮಲಗಿಸಿ, ಮೂತಿಯನ್ನೊಮ್ಮೆ ಬುಡವನ್ನೊಮ್ಮೆ ಬೆರಳ ತುದಿಯಿಂದ ಒತ್ತಿದರು. ಟಕ್ ಎಂದಿತು.

“ಕುಂಟ್ತದೆ ನೋಡಿ ಸಾರ್. ಅಲಗು ಒಂಚೂರು ತಿರುಚ್ಕೊಂಡದೆ.”

“ಮಸೆಯೋಕಾಗಲ್ವಾ ಯಜಮಾನ್ರೇ?”

“ಯಾಕಾಗಲ್ಲ? ಅಗಲ ಕಲ್ಲಲ್ಲಿ ಆಗಲ್ಲ, ಸಣ್ಣ ಕಲ್ಲಲ್ಲಿ ಆಯ್ತದೆ. ಕಲ್ಲು ಕತ್ತಿ ಹೇಳ್ದಂಗೆ ಹೋಗ್ಬೇಕು. ನಿಮ್ಗೆ ತಾಳ್ಮೆ ಅದಾ ಹೇಳಿ.”

ಆಮೇಲೆ ಅಲಗನ್ನು ಬೆಳಕಿಗೆ ಹಿಡಿದು ಬಾಯಿಯ ಗೆರೆ ನೋಡಿದರು. ಬಾಯಿ ನೇರವಾಗಿರಬಹುದು, ಹೊಟ್ಟೆ ಮುಂದೆ ಬಂದು ನಗುವಂತೆ ಬಾಗಿರಲೂಬಹುದು. ಇವೆರಡಕ್ಕೂ ಚಿಂತೆಯಿಲ್ಲ. ನಡುವೆ ಸವೆದು ಒಳಕ್ಕೆ ಹೋಗಿ ಮುಖ ಸಿಂಡರಿಸಿದಂತೆ ಕಂಡರೆ ಅದು ನಡುಭಾಗದಲ್ಲೇ ಮಸೆದ ಕತ್ತಿ. ಅದನ್ನು ಸರಿಮಾಡಲು ಎರಡು ತುದಿಯ ಉಕ್ಕನ್ನೂ ತಿನ್ನಿಸಬೇಕು, ಅಗಲ ಕಳೆದುಕೊಳ್ಳಬೇಕು, ಕೋನ ಕೆಡುತ್ತದೆ.

ತುಕ್ಕಿನ ವಿಷಯಕ್ಕೆ ಬಂದರೆ ಜನ ಸುಮ್ಮನೆ ಹೆದರುವುದೇ ಹೆಚ್ಚು. ಕೆಂಪು ತುಕ್ಕು ಮೇಲ್ಮೈಯದು, ಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ. ಕರಿಚುಕ್ಕೆಗಳ ಗುಂಪು ಕಂಡರೆ ಜಾಗ್ರತೆ. ಸಾಸಿವೆ ಚೆಲ್ಲಿದ ಹಾಗೆ ಕಾಣುವ ಆ ಚುಕ್ಕೆಗಳು ಉಕ್ಕಿನೊಳಕ್ಕೆ ಇಳಿದ ಗುಳಿಗಳು. ಅವು ಬೆನ್ನಿನ ಹತ್ತಿರವೋ ಅಲಗಿನ ನಡುವೆಯೋ ಇದ್ದರೆ ನೋಡಲಷ್ಟೇ ಕೊರತೆ. ಬಾಯಿಯ ಅಂಚಿಗೆ ಒಂದೆರಡು ಮಿಲಿಮೀಟರಿನೊಳಗೆ ಬಂದಿದ್ದರೆ, ಮಸೆಯುತ್ತ ಹೋದಂತೆ ಪ್ರತಿ ಗುಳಿಯೂ ಬಾಯಲ್ಲಿ ಒಂದೊಂದು ಮುಕ್ಕಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಗರಗಸ. ಇನ್ನು ಬಾಯಿಯಿಂದ ಮೇಲಕ್ಕೆ ಕೂದಲಿನಂಥ ಬಿರುಕು ಹೋಗಿದ್ದರೆ ಆ ಕತ್ತಿಯ ಆಯುಸ್ಸು ಮುಗಿಯಿತು. ಅದರ ಮೇಲೆ ಯಾರ ಹೆಸರು ಕೊರೆದಿದ್ದರೂ ಸರಿ, ಮುಖದ ಹತ್ತಿರ ತರಬಾರದು.

ಹೆಸರುಗಳ ಮೋಹ ದೊಡ್ಡದು. ಅಲಗಿಗೂ ಬಾಲಕ್ಕೂ ನಡುವೆ ಇರುವ ಕುತ್ತಿಗೆಯ ಮೇಲೆ ತಯಾರಕನ ಮುದ್ರೆ ಇರುತ್ತದೆ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಕೂತ ಗುಜರಿ ವ್ಯಾಪಾರಿಗೂ ‘ಶೆಫೀಲ್ಡ್’, ‘ಸೋಲಿಂಗೆನ್’ ಎಂಬ ಎರಡು ಹೆಸರು ಗೊತ್ತು. ಅವು ಕಂಡರೆ ಬೆಲೆ ಏರುತ್ತದೆ. ಆದರೂ ಈ ಮುದ್ರೆಗಳ ಹಿಂದಿನ ಕಥೆ ಬೆಲೆಗಿಂತ ರುಚಿಯಾಗಿದೆ.

ಇಂಗ್ಲೆಂಡಿನ ಶೆಫೀಲ್ಡ್ ಹತ್ತಿರದ ಹ್ಯಾಂಡ್ಸ್‌ವರ್ತ್‌ನಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸಗಾರ ಒಳ್ಳೆಯ ಸ್ಪ್ರಿಂಗ್ ಬೇಕೆಂದು ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸುವ ವಿಧಾನ ಕಂಡುಕೊಂಡ. ಅಲ್ಲಿಯವರೆಗಿನ ಉಕ್ಕು ಒಂದೆಡೆ ಗಟ್ಟಿ, ಒಂದೆಡೆ ಮೆದು. ಕರಗಿಸಿ ಎರಕ ಹೊಯ್ದ ಉಕ್ಕು ಎಲ್ಲೆಡೆ ಒಂದೇ ಸಮ. ಊರಿನ ಕತ್ತಿ ಕೆಲಸದವರು ಮೊದಲಿಗೆ ಇದು ತೀರ ಗಟ್ಟಿ ಎಂದು ಮೂಗು ಮುರಿದರು. ಫ್ರಾನ್ಸಿನವರು ಕೊಂಡುಕೊಂಡ ಮೇಲೆ ದಾರಿಗೆ ಬಂದರು. ಹಳೆಯ ಕತ್ತಿಗಳ ಮೇಲೆ ‘ಕಾಸ್ಟ್ ಸ್ಟೀಲ್’ ಎಂದು ಕೊರೆದಿರುವುದು ಈ ಉಕ್ಕಿನ ಹೆಮ್ಮೆಗೆ.

ಮೂಸೆಯಲ್ಲಿ ಉಕ್ಕು ಮಾಡುವುದು ನಮ್ಮ ಕಡೆ ಅದಕ್ಕಿಂತ ಬಹಳ ಹಿಂದಿನದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಾಗಡಿ ಕಡೆ ಸಣ್ಣ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣದ ಜೊತೆ ತಂಗಡಿ ಕಟ್ಟಿಗೆ ಹಾಕಿ ಮುಚ್ಚಿ ಕಾಯಿಸುವುದನ್ನು ಬರೆದಿಟ್ಟಿದ್ದಾನೆ. ಅದಕ್ಕೂ ಕೆಲವೇ ವರ್ಷ ಮೊದಲು, ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಇಂಥ ಉಕ್ಕಿನ ಉಂಡೆಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ್ದ. ಅಲ್ಲಿ ಅದಕ್ಕೆ ‘ವೂಟ್ಸ್’ ಎಂಬ ಹೆಸರು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಓದಿದ. ಆ ಪರೀಕ್ಷೆಗಾಗಿ ಉಂಡೆಯನ್ನು ಬಡಿದು ಸಣ್ಣ ಚಾಕು ಮಾಡಿಕೊಟ್ಟವನು ಜೇಮ್ಸ್ ಸ್ಟೋಡಾರ್ಟ್, ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆ ಮಾಡುತ್ತಿದ್ದವನು. ಸೂಕ್ಷ್ಮ ಬಾಯಿಗೆ ವೂಟ್ಸ್‌ಗಿಂತ ಒಳ್ಳೆಯ ಉಕ್ಕಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು.

ಮುಂದೆ ಇದೇ ಸ್ಟೋಡಾರ್ಟ್ ಜೊತೆ ಸೇರಿದವನು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯೇ. ಇಬ್ಬರೂ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ವೂಟ್ಸ್ ಗುಟ್ಟು ಬಿಡಿಸಲು ಹೋಗಿ, ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿ ನೋಡಿದರು. 1820 ಮತ್ತು 1822ರಲ್ಲಿ ಫಲಿತಾಂಶ ಪ್ರಕಟಿಸಿದರು. ಐನೂರು ಭಾಗ ಉಕ್ಕಿಗೆ ಒಂದು ಭಾಗ ಬೆಳ್ಳಿ ಬೆರೆತೀತು, ಹೆಚ್ಚಾದರೆ ಬೆಳ್ಳಿ ಹೊರಗೆ ಒಸರುತ್ತದೆ ಎಂದು ಕಂಡರು. ತಮ್ಮ ಮಿಶ್ರಲೋಹದಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದ. ಆ ಬಳಿಕ ‘ಸಿಲ್ವರ್ ಸ್ಟೀಲ್’ ಎಂಬ ಹೆಸರು ಕತ್ತಿಗಳ ಮೇಲೆ ರಾರಾಜಿಸಿತು. ಸಂತೆಯಲ್ಲಿ ಆ ಹೆಸರು ಕಂಡು ಬೆಳ್ಳಿಯ ಬೆಲೆ ಹೇಳುವವರನ್ನು ನಂಬಬೇಡಿ. ಬ್ರಿಟನ್ನಿನಲ್ಲಿ ಇವತ್ತಿಗೂ ಅದೇ ಹೆಸರಲ್ಲಿ ಮಾರುವ ಉಕ್ಕಿನಲ್ಲಿ ಬೆಳ್ಳಿ ಚೂರೂ ಇಲ್ಲ.

ಕಾಲ ಗುರುತಿಸಲು ಕುತ್ತಿಗೆಯ ಅಕ್ಷರಗಳು ಸಹಾಯಕ್ಕೆ ಬರುತ್ತವೆ. ಕಿರೀಟದ ಪಕ್ಕ ‘ವಿ ಆರ್’ ಇದ್ದರೆ 1837ರಿಂದ 1901ರವರೆಗಿನ ವಿಕ್ಟೋರಿಯಾ ರಾಣಿಯ ಕಾಲ. ‘ಡಬ್ಲ್ಯು ಆರ್’ ಇದ್ದರೆ ಅದಕ್ಕೂ ಹಿಂದಿನ ನಾಲ್ಕನೇ ವಿಲಿಯಂ. 1890ರ ಮೆಕಿನ್ಲಿ ಸುಂಕದ ಕಾಯ್ದೆಯಂತೆ ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕಾಯಿತು. ಹಾಗಾಗಿ ‘ಇಂಗ್ಲೆಂಡ್’ ಅಥವಾ ‘ಜರ್ಮನಿ’ ಎಂದಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ದೇಶದ ಹೆಸರಿಲ್ಲ ಎಂದ ಮಾತ್ರಕ್ಕೆ ಅದಕ್ಕೂ ಹಳೆಯದು ಎನ್ನಲಾಗದು, ಎಲ್ಲ ಕತ್ತಿಯೂ ಅಮೆರಿಕಕ್ಕೆ ಹೋಗುತ್ತಿರಲಿಲ್ಲವಲ್ಲ! ಅಲಗಿನ ಆಕಾರವೂ ಮಾತಾಡುತ್ತದೆ. ಹಳೆಯ ಶೆಫೀಲ್ಡ್ ಕತ್ತಿಗಳು, ಉದಾಹರಣೆಗೆ ವೇಡ್ ಅಂಡ್ ಬುಚರ್ ಕಂಪನಿಯವು, ಬೆಣೆಯಂತೆ ದಪ್ಪ, ಕೈಯಲ್ಲಿ ಭಾರ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯ ಸೋಲಿಂಗೆನ್ ಊರಿನವರು ಎರಡೂ ಮಗ್ಗುಲನ್ನು ಒಳಕ್ಕೆ ಬಗೆದು, ಬಾಯಿಯ ಹತ್ತಿರ ಕಾಗದದಷ್ಟು ತೆಳುವಾದ ಅಲಗು ಮಾಡುವುದರಲ್ಲಿ ಪಳಗಿದರು. ಅಂಥ ಕತ್ತಿ ಗಡ್ಡದ ಮೇಲೆ ಹೋಗುವಾಗ ಸಣ್ಣಗೆ ಹಾಡುತ್ತದೆ. ಅವಳಿ ಮನುಷ್ಯರ ಮುದ್ರೆಯ ಹೆಂಕೆಲ್ಸ್, ಮರದ ಮುದ್ರೆಯ ಬೋಕರ್ ಆ ಊರಿನವು. ಸೋಲಿಂಗೆನ್ ಎಂಬ ಹೆಸರನ್ನು ಕಂಡಕಂಡವರು ಬಳಸಬಾರದೆಂದು 1938ರಿಂದ ಜರ್ಮನಿಯಲ್ಲಿ ಕಾನೂನೇ ಇದೆ.

ನನ್ನ ಮಟ್ಟಿಗೆ ಮುದ್ರೆ ಇಲ್ಲದ, ಬೆನ್ನು ಸರಿಯಿರುವ ಕತ್ತಿ, ಹೆಸರಾಂತ ಮುದ್ರೆಯ ಸವೆದ ಕತ್ತಿಗಿಂತ ಮೇಲು. ಸಂಗ್ರಾಹಕರು ಒಪ್ಪಲಿಕ್ಕಿಲ್ಲ. ಅವರು ಗಡ್ಡ ಹೆರೆಯುವುದು ಬೇರೆ ಯಾವುದರಿಂದಲೋ!

ಹಿಡಿಯ ಬಗ್ಗೆ ಎರಡು ಎಚ್ಚರಿಕೆ. ಹಳೆಯ ಹಿಡಿಗಳು ಹೆಚ್ಚಾಗಿ ಕೊಂಬಿನವು, ಮೂಳೆಯವು, ಕೆಲವು ಆನೆದಂತದವು. ದಂತದ ಹಿಡಿಯ ಕತ್ತಿಯನ್ನು ಕೊಳ್ಳಲೂಬೇಡಿ, ಮಾರಲೂಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳಂತೆ ನಮ್ಮ ದೇಶದಲ್ಲಿ ದಂತದ ವ್ಯಾಪಾರ ಅಪರಾಧ. ವಸ್ತು ಎಷ್ಟು ಹಳೆಯದು ಎಂಬ ವಾದ ಅಲ್ಲಿ ಕೈಹಿಡಿಯುವುದಿಲ್ಲ. ಎರಡನೆಯದು ಸೆಲ್ಯುಲಾಯ್ಡ್. ದಂತಕ್ಕೆ, ಆಮೆಚಿಪ್ಪಿಗೆ ಬದಲಿಯಾಗಿ ಬಂದ ಈ ವಸ್ತುವಿನಲ್ಲಿ ಸೆಲ್ಯುಲೋಸ್ ನೈಟ್ರೇಟ್ ಮತ್ತು ಕರ್ಪೂರ ಇದೆ. ನೋಡಲು ಚೆಂದ. ವಯಸ್ಸಾದಂತೆ ಕೆಲವು ಸೆಲ್ಯುಲಾಯ್ಡ್ ಹಿಡಿಗಳು ಒಳಗಿಂದ ಕೊಳೆಯುತ್ತ ಆಮ್ಲದ ಆವಿ ಬಿಡುತ್ತವೆ. ಹಿಡಿ ನೋಡಲು ಚೆನ್ನಾಗಿಯೇ ಇರುತ್ತದೆ, ಅದರೊಳಗೆ ಮಡಚಿಟ್ಟ ಅಲಗು ಮಾತ್ರ ಹಿಡಿಗೆ ತಾಗುವಷ್ಟು ಉದ್ದಕ್ಕೂ ತುಕ್ಕು ತಿಂದಿರುತ್ತದೆ. ಹೀಗೆ ಕಂಡರೆ ಅಲಗನ್ನು ಕೂಡಲೇ ಬೇರೆ ಮಾಡಿ, ಹಿಡಿಯನ್ನು ಉಳಿದ ಕತ್ತಿಗಳ ಪೆಟ್ಟಿಗೆಯಲ್ಲಿ ಇಡದೆ ಹೊರಗೆ ಹಾಕಬೇಕು. ಬೆಂಕಿಯ ಹತ್ತಿರವಂತೂ ಬೇಡವೇ ಬೇಡ. ಕೊಂಬಿನ ಹಿಡಿಯಾದರೆ ಒಣಗಿ ಬಾಗಿರುತ್ತದೆ, ಹುಳ ತಿಂದಿರುತ್ತದೆ. ಎಣ್ಣೆಯಲ್ಲಿ ಕೆಲವು ದಿನ ನೆನೆಸಿದರೆ ಜೀವ ಬರುತ್ತದೆ, ಬಿಸಿನೀರಲ್ಲಿ ಅದ್ದಿ ಮೆಲ್ಲಗೆ ಒತ್ತಿದರೆ ನೆಟ್ಟಗಾಗುತ್ತದೆ.

ಇನ್ನು ದುರಸ್ತಿ. ಹಳೆಯ ಕತ್ತಿಗೆ ತುಕ್ಕಿಗಿಂತ ಹೆಚ್ಚು ಕೇಡು ಮಾಡಿರುವುದು ಬಫಿಂಗ್ ಯಂತ್ರ. ಫಳಫಳ ಹೊಳೆಯಿಸಿದರೆ ಗಿರಾಕಿ ಬರುತ್ತಾನೆಂದು ವ್ಯಾಪಾರಿಗಳು ತಿರುಗುವ ಚಕ್ರಕ್ಕೆ ಅಲಗು ಕೊಡುತ್ತಾರೆ. ಕ್ಷೌರದ ಕತ್ತಿಯ ಉಕ್ಕಿನಲ್ಲಿ ಶೇಕಡಾ ಒಂದಕ್ಕಿಂತ ಹೆಚ್ಚು ಇಂಗಾಲ ಇರುತ್ತದೆ. ಅದನ್ನು ಕೆಂಪಗೆ ಕಾಯಿಸಿ, ತಣ್ಣಗೆ ಅದ್ದಿ, ಮತ್ತೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದ ಮಾಡಿರುತ್ತಾರೆ. ಕಾಗದದಷ್ಟು ತೆಳುವಾದ ಬಾಯಿ ಚಕ್ರದ ಉಜ್ಜಿಗೆ ಕ್ಷಣದಲ್ಲಿ ಆ ಶಾಖ ದಾಟುತ್ತದೆ. ಮೊದಲು ಒಣಹುಲ್ಲಿನ ಬಣ್ಣ, 300ರ ಹತ್ತಿರ ನೀಲಿ. ನೀಲಿ ಬಂದ ಜಾಗದಲ್ಲಿ ಉಕ್ಕು ಮೆತ್ತಗಾಯಿತೆಂದೇ ಅರ್ಥ. ನೀಲಿಯನ್ನು ಉಜ್ಜಿ ತೆಗೆಯಬಹುದು, ಹೋದ ಹದ ಬರುವುದಿಲ್ಲ. ಸಂತೆಯಲ್ಲಿ ಕನ್ನಡಿಯಂತೆ ಹೊಳೆಯುವ ಹಳೆಯ ಕತ್ತಿ ಕಂಡರೆ ನಾನು ಕೈ ಹಾಕುವುದಿಲ್ಲ.

ಕೈಯಿಂದಲೇ ಕೆಲಸ ಮಾಡಬೇಕು. ಬಾಯಿಗೆ ಟೇಪು ಸುತ್ತಿ, ಮಿಷಿನ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಬಹಳ ನಯವಾದ ಸ್ಟೀಲ್ ವುಲ್‌ನಿಂದ ಬೆನ್ನಿನಿಂದ ಬಾಯಿಯತ್ತ ಒರೆಸುವುದು ಮೊದಲ ಹಂತ. ಎಷ್ಟೋ ಕತ್ತಿಗಳಿಗೆ ಇಷ್ಟೇ ಸಾಕು. ಸಾಲದಿದ್ದರೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ. 600 ನಂಬರಿನಿಂದ ಹಿಡಿದು 2000ದವರೆಗೆ, ಯಾವಾಗಲೂ ನೀರು ಅಥವಾ ಎಣ್ಣೆ ಹಾಕಿ. ಒಣ ಉಜ್ಜಿದರೆ ಏಳುವ ಉಕ್ಕಿನ ಧೂಳು ಸಾಮಾನ್ಯದ್ದಲ್ಲ. ಶೆಫೀಲ್ಡ್‌ನ ಸಾಣೆ ಕೆಲಸದವರ ಶ್ವಾಸಕೋಶದ ರೋಗದ ಬಗ್ಗೆ ಅಲ್ಲಿನ ವೈದ್ಯ ಅರ್ನಾಲ್ಡ್ ನೈಟ್ 1830ರಲ್ಲೇ ಬರೆದ. ಸಾಣೆ ಚಕ್ರವನ್ನು ಒಣಗಿಸಿ ಕೆಲಸ ಮಾಡುತ್ತಿದ್ದ ಎಷ್ಟೋ ಮಂದಿ ನಡುವಯಸ್ಸಿಗೂ ಮುಟ್ಟುತ್ತಿರಲಿಲ್ಲ. ನಾವು ಇವತ್ತು ಮೆಚ್ಚಿ ನೋಡುವ ಅಲಗುಗಳ ಒಳಬಾಗು ಅಂಥವರ ಕೆಲಸ.

ಅಲಗಿನ ಮೇಲೆ ಚಿನ್ನದ ನೀರು ಹಾಯಿಸಿದ ಚಿತ್ತಾರ ಇದ್ದರೆ ಉಪ್ಪುಕಾಗದವನ್ನು ಅತ್ತ ಸುಳಿಯಗೊಡಬಾರದು. ಅದು ಕೈಯುಜ್ಜಿಗೇ ಅಳಿಸುವಷ್ಟು ತೆಳು. ಕಪ್ಪು ಕಲೆಯೂ ಎಲ್ಲ ತೆಗೆಯಬೇಕೆಂದಿಲ್ಲ. ಗುಳಿಯ ತಳ ಮುಟ್ಟುವವರೆಗೆ ಉಜ್ಜುತ್ತ ಹೋದರೆ ಕಲೆಯ ಜೊತೆಗೆ ಮುದ್ರೆಯೂ, ಚೂಪಾದ ಅಂಚುಗಳೂ, ಬೆನ್ನಿನ ದಪ್ಪವೂ ಹೋಗುತ್ತವೆ.

ಮಸೆಯುವುದು ಕೊನೆಗೆ. ಮೊದಲು ಬೆನ್ನಿಗೆ ಒಂದೆಳೆ ಇನ್ಸುಲೇಷನ್ ಟೇಪು ಅಂಟಿಸಿದರೆ ಇರುವ ಉಕ್ಕು ಉಳಿಯುತ್ತದೆ. ಬಾಯಿಯ ಓರೆಗೆ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. 1000 ನಂಬರಿನ ನೀರುಗಲ್ಲಿನ ಮೇಲೆ ಕತ್ತಿಯ ಭಾರ ಮಾತ್ರ ಬಿಟ್ಟು, ಬಾಯಿ ಮುಂದಾಗಿ ಒಮ್ಮೆ ಒಯ್ಯಿರಿ. ಬೆನ್ನಿನ ಮೇಲೆ ಹೊರಳಿಸಿ ವಾಪಸು ತನ್ನಿ. ಈಗ ಭೂತಗನ್ನಡಿಯಲ್ಲಿ ನೋಡಿದರೆ ಕತ್ತಿ ತನ್ನ ಗುಟ್ಟೆಲ್ಲ ಹೇಳುತ್ತದೆ. ಕಪ್ಪು ಅಳಿಸಿದ ಕಡೆ ಕಲ್ಲು ಮುಟ್ಟಿದೆ, ಉಳಿದ ಕಡೆ ಮುಟ್ಟಿಲ್ಲ. ಬುಡದಲ್ಲಿ ಕಪ್ಪು ಹಾಗೇ ಇದ್ದರೆ ಅಲಗು ತಿರುಚಿದೆ. ಓರೆಯ ಮೇಲ್ಭಾಗ ಮಾತ್ರ ಅಳಿಸಿ ಅಂಚಿನಲ್ಲಿ ಕಪ್ಪು ಗೆರೆ ಉಳಿದಿದ್ದರೆ ಕಲ್ಲು ಇನ್ನೂ ಅಂಚಿಗೆ ತಲುಪಿಲ್ಲ. ಎರಡು ಮಗ್ಗುಲಿನ ಓರೆಗಳು ಅಂಚಿನಲ್ಲಿ ಕೂಡುವವರೆಗೆ ಮುಂದಿನ ಕಲ್ಲಿಗೆ ಹೋಗಬಾರದು. ಅವಸರದವರು ಎಡವುವುದು ಇಲ್ಲೇ. 1000ದಲ್ಲಿ ಆಗದ ಕೆಲಸ 8000ದಲ್ಲಿ ಆಗುವುದಿಲ್ಲ. ಓರೆ ಕೂಡಿದ ಮೇಲೆ 4000, 8000, ಬೇಕಿದ್ದರೆ 12000. ಒತ್ತಡ ಕಡಿಮೆ ಮಾಡುತ್ತ. ಹಿಂದಿನವರು ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ಹಳದಿ ಕೋಟಿಕ್ಯೂಲ್ ಕಲ್ಲಿನಲ್ಲೋ, ಜರ್ಮನಿಯ ಥುರಿಂಜಿಯಾದ ಕಲ್ಲಿನಲ್ಲೋ ಇದೇ ಕೆಲಸ ಮಾಡುತ್ತಿದ್ದರು. ಕೋಟಿಕ್ಯೂಲ್‌ನಲ್ಲಿ ಉಕ್ಕನ್ನು ತಿನ್ನುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳು.

ಕಲ್ಲು ಮುಗಿದ ಮೇಲೆ ಚರ್ಮದ ಪಟ್ಟಿ. ಇಲ್ಲಿ ದಿಕ್ಕು ತಿರುಗುಮುರುಗು. ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದು ಐವತ್ತು ಅರವತ್ತು ಸಲ ಎಳೆದರೆ ಬಾಯಿ ನಯವಾಗುತ್ತದೆ. ತೂಗುಬಿಟ್ಟ ಒಂದು ಕೂದಲು ಬಾಯಿಗೆ ತಾಗಿದೊಡನೆ ಸದ್ದಿಲ್ಲದೆ ತುಂಡಾದರೆ ಕತ್ತಿ ತಯಾರು. ಕೊನೆಯ ತೀರ್ಪು ಮಾತ್ರ ಕೆನ್ನೆಯದೇ.

ಇಷ್ಟೆಲ್ಲ ಕಷ್ಟಪಡುವವರು ಕಡಿಮೆಯಾದದ್ದು ಏಕೆಂದು ಕೇಳುವುದು ಬೇಡ. ಕಿಂಗ್ ಜಿಲೆಟ್ 1904ರಲ್ಲಿ ಬಿಸಾಡುವ ಬ್ಲೇಡಿನ ರೇಜರಿಗೆ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕೈಗೆ ಅದು ಲಕ್ಷಗಟ್ಟಲೆ ಹೋಯಿತು. ನಮ್ಮ ಕ್ಷೌರದಂಗಡಿಗಳಲ್ಲಿ ಮಸೆಯುವ ಕತ್ತಿ ಅದಕ್ಕಿಂತ ಬಹಳ ಕಾಲ ಉಳಿಯಿತು. ಅದನ್ನು ಹಡಪದಿಂದ ಹೊರಹಾಕಿದ್ದು ಏಡ್ಸ್ ಮತ್ತು ಕಾಮಾಲೆಯ ಭಯ. ಒಂದೇ ಕತ್ತಿ ಹತ್ತು ಕೆನ್ನೆಗೆ ತಾಗಬಾರದೆಂಬುದು ಸರಿಯಾದ ಮಾತೇ. ಈಗ ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಹಿಡಿಗೆ ಸಿಕ್ಕಿಸುತ್ತಾರೆ, ಒಬ್ಬರಿಗೆ ಒಂದರ್ಧ. ಹಾಗಾಗಿ ದುರಸ್ತಿಯಾದ ಹಳೆಯ ಕತ್ತಿ ಒಬ್ಬರ ಬಳಕೆಗೆ ಮಾತ್ರ. ಯಾರದೋ ಕೆನ್ನೆ ಕಂಡ ಕತ್ತಿಯನ್ನು ನಿಮ್ಮದಾಗಿಸುವ ಮೊದಲು ಸೋಪುನೀರಲ್ಲಿ ತೊಳೆದು, ಒರೆಸಿ, ಆಸ್ಪತ್ರೆಗಳಲ್ಲಿ ಬಳಸುವ ಸೋಂಕುನಿವಾರಕದಲ್ಲಿ ಹೇಳಿದಷ್ಟು ಹೊತ್ತು ಅಲಗನ್ನು ಮುಳುಗಿಸಿಡಿ.

ಮನೆಯ ಅಟ್ಟದಲ್ಲೋ, ಅಜ್ಜನ ಟ್ರಂಕಿನಲ್ಲೋ ಇಂಥದೊಂದು ಕತ್ತಿ ಸಿಕ್ಕರೆ ಹುಣಸೆಹಣ್ಣು, ನಿಂಬೆಹುಳಿ ಹಾಕಿ ತಿಕ್ಕಲು ಹೋಗಬೇಡಿ. ಹುಳಿ ಉಕ್ಕನ್ನೇ ತಿನ್ನುತ್ತದೆ. ಎಣ್ಣೆ ಹಚ್ಚಿ, ಒಣಬಟ್ಟೆಯಲ್ಲಿ ಸುತ್ತಿ, ಹಿಡಿ ಸೆಲ್ಯುಲಾಯ್ಡ್ ಎಂದು ಅನುಮಾನ ಬಂದರೆ ಅಲಗನ್ನು ಬಿಚ್ಚಿದಂತೆಯೇ ಇಡಿ. ನಿಮ್ಮೂರಿನ ಹಳೆಯ ಕ್ಷೌರದಂಗಡಿಯಲ್ಲಿ ಮಸೆಯುವ ಕತ್ತಿ ಹಿಡಿದು ದುಡಿದ ಹಿರಿಯರು ಇನ್ನೂ ಇದ್ದಾರು. ಯಂತ್ರದವನ ಹತ್ತಿರ ಹೋಗುವ ಮುಂಚೆ ಅವರಿಗೊಮ್ಮೆ ತೋರಿಸಿ.